ಜೋಡಿ ಚೀಟಿ

ಜಾವಳಿ
೨ ಡಿಸೆಂಬರ್ ೨೦೦೨

ಪ್ರೀತಿಯ ಕುಸುಮಾ,

ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಶನಿವಾರ ನಿಮ್ಮಪ್ಪನನ್ನು ತೂಕದ ಮನೆಯಿಂದ ತೆಗೆದು ಕಣದಲ್ಲಿ ಕಾಫಿ ಕೆದಕುವ ಕೆಲಸಕ್ಕೆ ಹಾಕಿದ್ದಾರೆ. ಹಾಕಿದ್ದು ನಮ್ಮಪ್ಪ. ಹಾಕಿಸಿದ್ದು ಲೆಕ್ಕ ಬರೆಯುವ ರೈಟರ್ ಷಡಕ್ಷರಿ.

ನಡೆದದ್ದು ಇಷ್ಟು. ಕುಯ್ಲು ಶುರುವಾದಾಗಿನಿಂದ ಜವರಮ್ಮ ಗೊಣಗುತ್ತಲೇ ಇದ್ದಳು. ಅವಳು, ಅವಳ ಸೊಸೆ ಜೋಡಿ. ನಮ್ಮ ಎಸ್ಟೇಟಿನ ಹಳೇ ಪದ್ಧತಿ ನೀನು ಮರೆತಿರಲಾರೆ. ಅತ್ತೆ ಸೊಸೆಯೋ ಅಕ್ಕ ತಂಗಿಯೋ ಒಂದೇ ಸಾಲು ಹಿಡಿದು ಹಣ್ಣು ಕುಯ್ದು, ಇಬ್ಬರ ಚೀಲದ ತೂಕ ಕೂಡಿಸಿ ಒಂದೇ ಜೋಡಿ ಚೀಟಿ ಪಡೆದು ಸಮಪಾಲು ಮಾಡಿಕೊಳ್ಳುವುದು. ಶುಕ್ರವಾರ ಸಂಜೆ ಆ ಚೀಟಿ ಕೈಗೆ ಬಂದದ್ದೇ ಜವರಮ್ಮ ಚೀಲ ಎಸೆದು ನಿಂತಳು. "ನನ್ ಸೊಸೆ ಚೀಲನ ನಾನೇ ತಲೆಗ್ ಎತ್ತಿಕೊಟ್ಟಿದೀನಿ. ಅದ್ರ ಭಾರ ನನ್ ಕೈಗ್ ಗೊತ್ತಿಲ್ವಾ? ಚೀಟಿಲಿ ನೋಡುದ್ರೆ ಮುಕ್ಕಾಲ್ ಪಾಲೂ ಇಲ್ಲ! ನಮ್ ತೂಕ ಯಾರ್ ಮಡ್ಲಿಗ್ ಸುರೀತಿದಾನೆ ಈ ಮೇಸ್ತ್ರಿ?" ಅಂದಳು. ಉಳಿದ ಹೆಂಗಸರೂ ದನಿಗೂಡಿಸಿದರು.

ನಿಮ್ಮಪ್ಪ ಒಂದು ಮಾತೂ ಆಡಲಿಲ್ಲ. ಅದೇ ಎಡವಟ್ಟಾಯಿತು. ಒಂದು ಸಲ "ಇಲ್ಲ" ಅಂದಿದ್ದರೂ ನಮ್ಮಪ್ಪ ನಂಬುತ್ತಿದ್ದರು. ಸುಮ್ಮನೆ ನಿಂತವನನ್ನು ಯಾರು ನಂಬುತ್ತಾರೆ ಹೇಳು. ನಿಮ್ಮಮ್ಮ ರಾಮಮ್ಮನವರು ಅಂದಿನಿಂದ ಕುಯ್ಲಿಗೆ ಬಂದಿಲ್ಲ.

ತೂಕದ ಮನೆಯ ಕಂಪ್ಯೂಟರಿನಲ್ಲಿ ಚೀಟಿ ಬರೆಯುವ ಪ್ರೋಗ್ರಾಂ ನನ್ನದು, ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ನಿನ್ನದು. ಎರಡರಲ್ಲಿ ಒಂದು ತಪ್ಪಿರಬಹುದು ಅಂತ ನನಗೆ ಅನುಮಾನ. ನಿನಗೆ ಏನನ್ನಿಸುತ್ತದೆ?

ನಿನ್ನ
ರೂಪಾ

---

ಚಿಕ್ಕಮಗಳೂರು
೫ ಡಿಸೆಂಬರ್ ೨೦೦೨

ಮಾನ್ಯ ರೂಪಶ್ರೀ ಚನ್ನಕೇಶವ ಅವರಿಗೆ,

ತಮ್ಮ ಪತ್ರ ತಲುಪಿತು. ಇಪ್ಪತ್ತೆರಡು ವರ್ಷ ತಮ್ಮ ತೋಟದ ತೂಕ ಹಿಡಿದ ಮನುಷ್ಯನನ್ನು ಒಂದೇ ಬೆಳಗಿನಲ್ಲಿ ತೆಗೆದು ಹಾಕಿ, ಆಮೇಲೆ ಯಂತ್ರ ಸರಿಯಿದೆಯೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದೀರಿ. ಮೊದಲು ಕೇಳಬೇಕಿದ್ದದ್ದು ಕೊನೆಗೆ ಕೇಳಿದ್ದೀರಿ.

ಕಂಪೈಲರ್ ಸರಿಯಿದೆ. ಅದನ್ನು ನಾನು ಮೂರು ವರ್ಷದಿಂದ ತಿದ್ದಿ ತೀಡಿ ಕಟ್ಟಿದ್ದೇನೆ. ನಾನು ಕೆಲಸ ಮಾಡುವ ಪಾಲಿಟೆಕ್ನಿಕ್ಕಿನ ಹುಡುಗರು ದಿನಾ ಅದರಲ್ಲೇ ಪ್ರೋಗ್ರಾಂ ಓಡಿಸುತ್ತಾರೆ, ಏನೂ ಮುರಿದಿಲ್ಲ. ಪ್ರೋಗ್ರಾಮಿನ ಅಷ್ಟೂ ಹಾಳೆಗಳನ್ನು ಪ್ರಿಂಟ್ ತೆಗೆದು ಕಳಿಸಿ. ತಪ್ಪು ಎಲ್ಲಿದೆ ಎಂದು ಕೆಂಪು ಮಸಿಯಲ್ಲಿ ಗೀಟು ಹಾಕಿ ವಾಪಸು ಕಳಿಸುತ್ತೇನೆ.

ನಾನು ಈಗ ಊರಿಗೆ ಬರುವುದಿಲ್ಲ. ಬಂದರೆ ಅಪ್ಪನ ಪರ ವಕಾಲತ್ತಿಗೆ ಮಗಳು ಬಂದಳು ಎನ್ನುತ್ತಾರೆ. ಸಾಬೀತು ಮಾಡಿ ಬರುತ್ತೇನೆ. ಎಸ್ಟೇಟ್ ಆಫೀಸಿನ ಫೋನಿಗೂ ಕರೆ ಮಾಡುವುದಿಲ್ಲ, ಅದರ ಪಕ್ಕದಲ್ಲೇ ರೈಟರ ಕುರ್ಚಿ ಇದೆ.

ಇತಿ ತಮ್ಮ,
ಕುಸುಮಾ ಲಕ್ಕಯ್ಯ

---

ಜಾವಳಿ
೯ ಡಿಸೆಂಬರ್ ೨೦೦೨

ಕುಸುಮಾ,

ಮಾನ್ಯ ಅಂತೆ! ತಮ್ಮ ಪತ್ರವಂತೆ! ನಿಮ್ಮ ಲೈನ್‌ಮನೆ ಸಾಲಿನ ಹಿಂದಿನ ಹಲಸಿನ ಮರದಿಂದ ನನ್ನನ್ನು ಕೆಳಗೆ ದಬ್ಬಿದವಳು ನೀನೇ ತಾನೆ? ಆಗ ಈ ಮರ್ಯಾದೆ ಎಲ್ಲಿ ಹೋಗಿತ್ತು ಮಾರಾಯ್ತಿ?

ಬೈಯುವುದಿದ್ದರೆ ನೆಟ್ಟಗೆ ಬೈ, ತಡೆದುಕೊಳ್ಳುತ್ತೇನೆ. ಅಪ್ಪನ ಜೊತೆ ನಾನು ಜಗಳವಾಡಿದ್ದನ್ನು ಹೋದ ಕಾಗದದಲ್ಲಿ ಬರೆಯಲಿಲ್ಲ, ಬರೆದರೆ ನನ್ನ ಬೆನ್ನು ನಾನೇ ತಟ್ಟಿಕೊಂಡಂತೆ ಆಗುತ್ತಿತ್ತು. ಈಗ ಬರೆಯುತ್ತೇನೆ. ಒಂದು ವಾರ ಅವರೊಂದಿಗೆ ಊಟಕ್ಕೆ ಕೂರಲಿಲ್ಲ. ಅಪ್ಪ ಕೊನೆಗೆ ಒಂದು ಮಾತು ಕೊಟ್ಟರು. "ರೊಬಸ್ಟಾ ಕುಯ್ಲು ಶುರುವಾಗೋ ತನಕ ಬೇರೆ ಮೇಸ್ತ್ರಿನ ನೇಮಿಸಲ್ಲ. ಅಷ್ಟ್ರೊಳಗೆ ಲಕ್ಕಯ್ಯಂದು ತಪ್ಪಿಲ್ಲ ಅಂತ ತೋರ್ಸು. ಆಮೇಲೆ ನನ್ನ ಕೇಳ್ಬೇಡ" ಅಂದರು. ಅಂದರೆ ನಮಗಿರುವುದು ಸಂಕ್ರಾಂತಿಯವರೆಗೆ.

ಅಲ್ಲಿಯ ತನಕ ತೂಕಕ್ಕೆ ಷಡಕ್ಷರಿಯೇ ಕೂರುತ್ತಿದ್ದಾರೆ, ಅದೇ ಕಂಪ್ಯೂಟರಿನ ಮುಂದೆ.

ಹಾಳೆಗಳು ಈ ಲಕೋಟೆಯಲ್ಲೇ ಇವೆ. ಕೆಂಪು ಮಸಿ ಬಾಟಲಿ ಪೂರ್ತಿ ಖಾಲಿ ಮಾಡು. ಆದರೆ ನಾನು ಎರಡು ರಾತ್ರಿ ಓದಿದ್ದೇನೆ, ನನ್ನ ಕಣ್ಣಿಗೆ ತಪ್ಪು ಬೀಳಲಿಲ್ಲ. ನನ್ನ ಪ್ರೋಗ್ರಾಂ ಸರಿಯಿದೆ ಎಂದು ನಾನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ನಿಮ್ಮಪ್ಪನನ್ನು ಕಣದಲ್ಲಿ ಮಾತಾಡಿಸಿದೆ. "ಮಗೀಗೆ ಬರೀಬ್ಯಾಡಿ ಅಮ್ಮಾವ್ರೇ, ಅವ್ಳಿಗೆ ಕೆಲ್ಸ ಇರ್ತದೆ" ಅಂದರು. ಕೆದಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾನ್ಯಳಲ್ಲದ,
ರೂಪಾ

---

ಚಿಕ್ಕಮಗಳೂರು
೧೬ ಡಿಸೆಂಬರ್ ೨೦೦೨

ರೂಪಾ,

ಕೆಂಪು ಮಸಿ ಹಾಗೇ ಉಳಿಯಿತು. ನಿನ್ನ ಪ್ರೋಗ್ರಾಂ ಸರಿಯಿದೆ. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ, ಚೆನ್ನಾಗಿಯೇ ಬರೆದಿದ್ದೀಯ.

ಹಾಗೆಂದು ನನ್ನ ಕಂಪೈಲರ್ ತಪ್ಪು ಎಂದು ಈಗಲೇ ಒಪ್ಪುವವಳಲ್ಲ. ನಿನ್ನ ಪ್ರೋಗ್ರಾಮನ್ನು ಇಲ್ಲಿನ ಹಳೇ ಯಂತ್ರದಲ್ಲಿ ಹಾಕಿ ಇನ್ನೂರು ಜೋಡಿ ತೂಗಿಸಿದೆ. ಇನ್ನೂರೂ ಸರಿ ಬಂದವು. ಇಲ್ಲಿ ಸರಿ ಬರುವುದು ಅಲ್ಲಿ ತಪ್ಪುತ್ತದೆ ಎಂದರೆ, ಅಲ್ಲಿ ನಡೆಯುವ ಏನೋ ಒಂದು ಇಲ್ಲಿ ನಡೆಯುತ್ತಿಲ್ಲ. ಅದೇನೆಂದು ಗೊತ್ತಾದರೆ ಬಾಲ ಸಿಕ್ಕಂತೆ. ಬಾಲ ಸಿಕ್ಕರೆ ಎಳೆಯುವುದು ನನಗೆ ಬಿಡು.

ನನಗೆ ಎರಡು ವಿಷಯ ಬೇಕು. ಒಂದು, ಜೋಡಿಯ ಮೊದಲ ಚೀಲ ತೂಗಿದ್ದಕ್ಕೂ ಎರಡನೆಯದು ತೂಗಿದ್ದಕ್ಕೂ ನಡುವೆ ಬೇರೆ ಯಾರಾದರೂ ತೂಕಕ್ಕೆ ಬರುತ್ತಾರೆಯೇ? ನಾನು ಅಮ್ಮನ ಜೊತೆ ಹೋಗುತ್ತಿದ್ದಾಗ ಇಬ್ಬರೂ ಒಟ್ಟಿಗೇ ಚೀಲ ಇಳಿಸುತ್ತಿದ್ದೆವು, ಒಂದರ ಹಿಂದೆ ಒಂದು. ಇಲ್ಲಿ ನಾನು ತೂಗಿಸಿದ್ದೂ ಹಾಗೆಯೇ.

ಎರಡನೆಯದು ಕಷ್ಟದ್ದು. ಚೀಟಿಯಲ್ಲಿ ತೂಕ ಹೆಚ್ಚು ಬಂದವರು ಯಾರಾದರೂ ಇದ್ದಾರೆಯೇ ಎಂದು ತಿಳಿದುಕೋ. ಕದಿಯುವವನ ಕೈ ಒಂದೇ ಕಡೆ ವಾಲುತ್ತದೆ. ಯಂತ್ರಕ್ಕೆ ಬೇಕಾದವರು ಬೇಡದವರು ಅಂತ ಇರುವುದಿಲ್ಲ, ತಪ್ಪಿದರೆ ಎರಡೂ ಕಡೆ ತಪ್ಪುತ್ತದೆ. ಕಡಿಮೆ ಬಂದವರು ಕೂಗಿದರು. ಹೆಚ್ಚು ಬಂದವರು ಯಾಕೆ ಕೂಗುತ್ತಾರೆ? ಅವರ ಬಾಯಿ ಬಿಡಿಸುವುದು ನಿನ್ನಿಂದ ಆಗುತ್ತದೆ ಎಂದು ನನಗೆ ನಂಬಿಕೆ ಇದೆ.

ಹಲಸಿನ ಮರದಿಂದ ನಾನು ದಬ್ಬಲಿಲ್ಲ. ನೀನೇ ಬಿದ್ದದ್ದು.

ಕುಸುಮಾ

---

ಜಾವಳಿ
೨೩ ಡಿಸೆಂಬರ್ ೨೦೦೨

ಪ್ರೀತಿಯ ಕುಸುಮಾ,

ಎರಡೂ ಸಿಕ್ಕಿವೆ. ಈ ಕಾಗದ ಓದುವ ಮೊದಲು ಕಾಫಿ ಕುಡಿದು ಕೂತುಕೋ.

ಹೆಚ್ಚು ಬಂದವರ ಸುದ್ದಿ ಮೊದಲು ಹೇಳುತ್ತೇನೆ. ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಯಾರೂ ಹೇಳುವುದಿಲ್ಲ ಎಂದು ಗೊತ್ತಿತ್ತು. ಶನಿವಾರ ತೂಕ ಮುಗಿದ ಮೇಲೆ ಅಪ್ಪನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಎಲ್ಲರ ಎದುರು ಹೇಳಿದೆ. "ಚೀಟಿಲಿ ಹೆಚ್ಚು ಬಂದಿದ್ರೆ ಅದು ನಿಮ್ದೇ. ಒಂದು ಗ್ರಾಮೂ ವಾಪಸ್ ಕೇಳಲ್ಲ. ಕಡಿಮೆ ಬಂದವರಿಗೆ ನಾವ್ ಸೇರಿಸ್ತೀವಿ. ಆದ್ರೆ ಹೆಚ್ಚು ಬಂದವರು ಇದೀರಾ ಅಂತ ಗೊತ್ತಾಗ್ಬೇಕು. ಲಕ್ಕಯ್ಯನ ಮರ್ಯಾದೆ ಅದ್ರ ಮೇಲೆ ನಿಂತಿದೆ" ಅಂದೆ.

ಎಲ್ಲರೂ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತಾ ನಿಂತರು. ನನಗೆ ಅಳುವೇ ಬಂದಿತ್ತು ಅನ್ನು. ಅಷ್ಟರಲ್ಲಿ ವಸಂತಮ್ಮ ಮುಂದೆ ಬಂದಳು, ತಂಗಿಯ ಜೊತೆ ಜೋಡಿ ಕುಯ್ಯುವವಳು. "ನಮಗ್ ಜಾಸ್ತಿ ಬಂದೈತೆ ಅಮ್ಮಾವ್ರೇ. ಒಂದಪ ಅಲ್ಲ, ಸುಮಾರ್ ದಿನ. ದೇವ್ರು ಕೊಟ್ಟ ಅಂತ ಸುಮ್ಕಿದ್ವಿ. ಮೇಸ್ತ್ರಿ ಕೊಟ್ಟಿದ್ದಲ್ಲ. ಆವಯ್ಯ ನಮ್ ಮುಖನೂ ನೋಡಕಿಲ್ಲ" ಅಂದಳು. ಅವಳ ಹಿಂದೆಯೇ ಇನ್ನೂ ನಾಲ್ಕು ಜೋಡಿ ಬಾಯಿ ಬಿಟ್ಟರು. ಷಡಕ್ಷರಿ ಕೂತು ತೂಗಿದ ದಿನಗಳಲ್ಲೂ ಹೆಚ್ಚು ಬಂದಿದೆಯಂತೆ! ರೈಟರ ಮುಖ ನೀನು ನೋಡಬೇಕಿತ್ತು.

ಜವರಮ್ಮ ಮಾತ್ರ ಇನ್ನೂ ಬಗ್ಗಿಲ್ಲ. "ಮಿಸನ್ ತಪ್ಪೋ ಮನ್ಸ ತಪ್ಪೋ ನಂಗ್ಯಾಕೆ, ಯಾರ್ದು ಅಂತ ಒಬ್ರು ಬಂದ್ ಹೇಳ್ಲಿ" ಅನ್ನುತ್ತಾಳೆ. ಅಪ್ಪನೂ ಅದನ್ನೇ ಹಿಡಿದಿದ್ದಾರೆ. ಯಂತ್ರದ ತಪ್ಪು ಅಂದರೆ ಸಾಲದು, ಏನು ತಪ್ಪು ಅಂತ ತೋರಿಸಬೇಕಂತೆ.

ಇನ್ನು ನಿನ್ನ ಮೊದಲ ಪ್ರಶ್ನೆ. ನಡುವೆ ಬೇರೆಯವರು ಬರುತ್ತಾರೆ, ಬೇಕಾದಷ್ಟು ಜನ ಬರುತ್ತಾರೆ. ಈ ವರ್ಷ ನಾನು ಹಳೇ ಸ್ಟೋರ್ ರೂಮಿನಲ್ಲಿ ಶಿಶುವಿಹಾರ ತೆರೆದಿದ್ದೇನಲ್ಲ, ಅದು ನಾಲ್ಕಕ್ಕೆ ಮುಚ್ಚುತ್ತದೆ. ಮಗು ಇರುವ ಸೊಸೆಯಂದಿರು ತಮ್ಮ ಚೀಲವನ್ನು ಬೇಗ ತೂಗಿಸಿ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಅತ್ತೆಯಂದಿರು ಕತ್ತಲಾಗುವ ಹೊತ್ತಿಗೆ ಬರುತ್ತಾರೆ. ಜೋಡಿ ಚೀಟಿ ಬರುವುದು ಆಗಲೇ. ಹೋದ ವರ್ಷದವರೆಗೆ ಇದಿರಲಿಲ್ಲ.

ಬಾಲ ಸಿಕ್ಕಿತಾ?

ನಿನ್ನ
ರೂಪಾ

---

ಚಿಕ್ಕಮಗಳೂರು
೬ ಜನವರಿ ೨೦೦೩

ಪ್ರೀತಿಯ ರೂಪಾ,

ಸಿಕ್ಕಿತು. ಬಾಲವಲ್ಲ, ಇಡೀ ಪ್ರಾಣಿಯೇ ಸಿಕ್ಕಿತು. ತಪ್ಪು ನನ್ನದು. ಕಂಪೈಲರಿನದು ಎಂದು ಬರೆದು ಜಾರಿಕೊಳ್ಳಬಹುದಿತ್ತು, ಆದರೆ ಅದನ್ನು ಬರೆದವಳು ನಾನೇ.

ನಿಮ್ಮಪ್ಪನಿಗೆ ಅರ್ಥವಾಗುವಂತೆ ಹೇಳುತ್ತೇನೆ, ಅವರಿಗೆ ಓದಿ ಹೇಳು. ಪ್ರೋಗ್ರಾಂ ಒಂದು ಕೆಲಸ ಮಾಡುವಾಗ ಅದಕ್ಕೆ ಬೇಕಾದ ಸಾಮಾನನ್ನು ಇಡಲು ಎರಡು ಜಾಗ ಇವೆ. ಒಂದು ಕೈಯಳತೆಯ ಮೇಜು. ಕೆಲಸ ಮುಗಿದರೆ ಆ ಜಾಗ ಖಾಲಿ ಎಂದೇ ಲೆಕ್ಕ, ಮುಂದಿನ ಕೆಲಸ ತನ್ನ ಸಾಮಾನನ್ನು ಅದರ ಮೇಲೆಯೇ ಇಡುತ್ತದೆ. ಇನ್ನೊಂದು ಉಗ್ರಾಣ. ಅಲ್ಲಿಟ್ಟದ್ದು ಬೇಕಾದಷ್ಟು ಹೊತ್ತು ಉಳಿಯುತ್ತದೆ, ಆದರೆ ಅಲ್ಲಿಂದ ತೆಗೆಯುವುದು ಇಡುವುದು ನಿಧಾನ, ಬೇಗ ತುಂಬಿಯೂ ಹೋಗುತ್ತದೆ. ತೂಕದ ಮನೆಯ ಕಂಪ್ಯೂಟರಿನದು ಪುಟ್ಟ ಉಗ್ರಾಣ. ಅದಕ್ಕೇ ನಾನು ಕಂಪೈಲರಿಗೆ ಒಂದು ಜಾಣತನ ಕಲಿಸಿದ್ದೆ. ಯಾವ ಸಾಮಾನು ಕೆಲಸ ಮುಗಿದ ಮೇಲೂ ಹೊರಗೆ ಯಾರಿಗಾದರೂ ಬೇಕಾಗುತ್ತದೆ, ಯಾವುದು ಬೇಕಾಗುವುದಿಲ್ಲ ಎಂದು ಮೊದಲೇ ಪತ್ತೆ ಹಚ್ಚುವುದು. ಪುಸ್ತಕದಲ್ಲಿ ಇದಕ್ಕೆ ಎಸ್ಕೇಪ್ ಅನಾಲಿಸಿಸ್ ಅನ್ನುತ್ತಾರೆ. ಹೊರಗೆ ಹೋಗದ ಸಾಮಾನು ಮೇಜಿಗೆ, ಹೋಗುವುದು ಉಗ್ರಾಣಕ್ಕೆ.

ಸಾಮಾನು ಹೊರಗೆ ಹೋಗಲು ಎರಡು ಬಾಗಿಲು ಎಂದುಕೊಂಡು ಆ ಎರಡನ್ನೇ ಕಾದೆ. ಮೂರನೆಯದು ಇತ್ತು. ಸೊಸೆಯ ತೂಕದ ಚೀಟಿಯನ್ನು ನಿನ್ನ ಪ್ರೋಗ್ರಾಂ ಜೋಡಿ ಎಂಬ ಚೀಲಕ್ಕೆ ಹಾಕುತ್ತದೆ. ಆ ಚೀಲ ಹೊರಗಿನಿಂದ ಬಂದದ್ದು, ಮತ್ತೆ ಹೊರಗೇ ಹೋಗುತ್ತದೆ. ಹಾಕುವ ಕೆಲಸವನ್ನು ನೀನು ಬೇರೊಂದು ಪುಟ್ಟ ಕೆಲಸಕ್ಕೆ ಒಪ್ಪಿಸಿದ್ದೀಯ. ನನ್ನ ಕಂಪೈಲರ್ ಆ ಪುಟ್ಟ ಕೆಲಸವನ್ನು ನೋಡಿ, ಇದು ಚೀಟಿಯನ್ನು ತಾನು ಇಟ್ಟುಕೊಳ್ಳುವುದಿಲ್ಲವಲ್ಲ ಎಂದು ಸಮಾಧಾನಪಟ್ಟಿತು. ಎಲ್ಲಿ ಹಾಕಿತು, ಹಾಕಿದ ಚೀಲ ಯಾರದ್ದು ಎಂದು ನೋಡಲಿಲ್ಲ. ಹಾಗಾಗಿ ಅತ್ತೆ ಬರುವ ತನಕ ಉಳಿಯಬೇಕಾದ ಚೀಟಿ ಮೇಜಿನ ಮೇಲೇ ಉಳಿಯಿತು. ನಡುವೆ ತೂಕಕ್ಕೆ ಬಂದವಳ ತೂಕ ಅದರ ಮೇಲೆಯೇ ಕೂತಿತು. ಅತ್ತೆ ಬಂದಾಗ ಜೋಡಿ ಚೀಟಿಯಲ್ಲಿ ಬಿದ್ದದ್ದು ಸೊಸೆಯ ತೂಕವಲ್ಲ, ಯಾರೋ ದಾರಿಹೋಕಳದ್ದು. ಅವಳದ್ದು ಹೆಚ್ಚಿದ್ದರೆ ದೇವರು ಕೊಟ್ಟ, ಕಡಿಮೆ ಇದ್ದರೆ ಮೇಸ್ತ್ರಿ ಕದ್ದ.

ಒಂದರ ಹಿಂದೆ ಒಂದು ತೂಗಿದರೆ ನಡುವೆ ಮೇಜನ್ನು ಬೇರೆ ಯಾರೂ ಬಳಸುವುದಿಲ್ಲ, ಅತ್ತೆಯ ತೂಕ ಮೇಜಿಗೆ ಬರುವ ಮೊದಲೇ ಪ್ರೋಗ್ರಾಂ ಸೊಸೆಯದನ್ನು ಓದಿಕೊಂಡಿರುತ್ತದೆ, ತಪ್ಪು ಕಾಣುವುದಿಲ್ಲ. ಅಮ್ಮನೂ ನಾನೂ ಹಾಗೆ ತೂಗಿಸುತ್ತಿದ್ದೆವು ಎಂದು ಲೋಕವೆಲ್ಲ ಹಾಗೇ ತೂಗಿಸುತ್ತದೆ ಎಂದುಕೊಂಡೆ. ಲೈನ್‌ಮನೆಯಲ್ಲಿ ಬೆಳೆದವಳಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ನಗು ಬೇಕಾದರೆ.

ಮೊದಲು ಸುಲಭದ ದಾರಿ ಹಿಡಿದೆ. ಬೇರೆ ಕೆಲಸದ ಕೈಗೆ ಕೊಟ್ಟದ್ದನ್ನೆಲ್ಲ ಉಗ್ರಾಣಕ್ಕೆ ಹಾಕು ಎಂದೆ. ತೂಕವೇನೋ ಸರಿ ಬಂತು, ಆದರೆ ಸಂಜೆಯ ಹೊತ್ತಿಗೆ ಉಗ್ರಾಣ ತುಂಬಿ ಯಂತ್ರ ನಿಂತೇ ಹೋಯಿತು. ಹೆದರಿ ಹೆದರಿ ಎಲ್ಲಕ್ಕೂ ಬೀಗ ಹಾಕುವುದು ರಿಪೇರಿಯಲ್ಲ. ಈಗ ಕಂಪೈಲರ್ ಪ್ರತಿಯೊಂದು ಪುಟ್ಟ ಕೆಲಸಕ್ಕೂ ಒಂದು ಟಿಪ್ಪಣಿ ಇಡುತ್ತದೆ. ಕೈಗೆ ಬಂದದ್ದನ್ನು ಇದು ಬರೀ ನೋಡುತ್ತದೆಯೋ, ಯಾವುದಕ್ಕಾದರೂ ಹಾಕುತ್ತದೆಯೋ, ಹಾಕಿದರೆ ಆ ಚೀಲ ಮನೆಯದೋ ಹೊರಗಿನದೋ. ಒಂದು ಟಿಪ್ಪಣಿ ಬದಲಾದರೆ ಅದನ್ನು ನಂಬಿದ ಇನ್ನೊಂದೂ ಬದಲಾಗಬೇಕು. ಏನೂ ಬದಲಾಗದ ತನಕ ಸುತ್ತು ಹಾಕುತ್ತಲೇ ಇರುತ್ತದೆ. ಹಾಗೆ ಸುತ್ತಿಸುವಾಗ ಇದೇ ಜಾತಿಯ ಇನ್ನೊಂದು ತಪ್ಪೂ ಸಿಕ್ಕಿತು, ಇನ್ನೂ ಯಾರಿಗೂ ಕಚ್ಚಿರಲಿಲ್ಲ. ಅದನ್ನೂ ಮುಗಿಸಿದೆ. ಇಡೀ ಒಂದು ಕುಯ್ಲಿನಷ್ಟು ಚೀಲಗಳನ್ನು ನೀನು ಹೇಳಿದ ಹಾಗೆ, ಸೊಸೆ ಮೊದಲು ಅತ್ತೆ ಕೊನೆಗೆ, ತೂಗಿಸಿ ನೋಡಿದ್ದೇನೆ. ತೂಕವೂ ಸರಿ, ಉಗ್ರಾಣದಲ್ಲಿ ಜಾಗವೂ ಇದೆ. ಇದು ಮತ್ತೆ ತಪ್ಪುವುದಿಲ್ಲ.

ಈ ಶನಿವಾರ ರಜೆ, ಬರುತ್ತೇನೆ. ಹೆಂಗಸರಿಗೆ ಯಂತ್ರ ಕೆಟ್ಟಿತ್ತು ಎಂದು ನೀನು ಹೇಳಿಬಿಡಬೇಡ. ಯಾರದು ಎಂದು ಜವರಮ್ಮ ಕೇಳಿದ್ದಾಳೆ. ನಾನೇ ಹೇಳುತ್ತೇನೆ.

ಅಪ್ಪನಿಗೆ ಏನೂ ಹೇಳಬೇಡ.

ನಿನ್ನ
ಕುಸುಮಾ

---

ಜಾವಳಿ ಎಸ್ಟೇಟ್ ಲೈನ್
ತಾ. ೧೯-೧-೨೦೦೩

ನನ್ನ ಮಗಳು ಕುಸುಮಂಗೆ ನಿಮ್ಮಪ್ಪ ಲಕ್ಕಯ್ಯ ಮಾಡೋ ಆಶೀರ್ವಾದ.

ನಾವೆಲ್ಲ ಚೆನ್ನಾಗಿದೀವಿ. ನಿಮ್ಮವ್ವ ಸೋಮವಾರದಿಂದ ಕುಯ್ಲಿಗೆ ಹೋಗ್ತಾ ಅವ್ಳೆ. ರೊಬಸ್ಟಾ ಶುರುವಾಯ್ತು. ನಾನು ತಿರ್ಗ ತೂಕದ ಮನೇಲೇ ಇದೀನಿ.

ನೀನು ಬಂದು ಹೋದ್ಮೇಲೆ ಒಂದು ಮಾತು ಹೇಳ್ಬೇಕು ಅಂತ ಎಂಟು ದಿವ್ಸದಿಂದ ಅಂದ್ಕಂಡು ಇವತ್ತು ಬರೀತಾ ಇದೀನಿ. ಎದುರಿಗೆ ಹೇಳಕ್ಕೆ ಬಾಯಿ ಬರಲಿಲ್ಲ.

ತೂಕದ ಕೆಂಪು ನಂಬರು ನನ್ನ ಕಡೆಗೆ ಮುಖ ಮಾಡ್ಕಂಡು ಇರ್ತದೆ, ಹೆಂಗಸ್ರಿಗೆ ಕಾಣಕಿಲ್ಲ. ಜವರಮ್ಮನ ಸೊಸೆ ಚೀಲ ಇಟ್ಟಾಗ ನಲ್ವತ್ತಾರು ಅಂತ ತೋರ್ಸಿದ್ದು ನಾನು ನೋಡಿದ್ದೆ. ಸಂಜೆ ಚೀಟಿ ಬಂದಾಗ ಅವ್ಳ ಹೆಸ್ರಿನ ಮುಂದೆ ಮೂವತ್ತೊಂದು ಅಂತ ಇತ್ತು. ಅದ್ಕೂ ಮೊದ್ಲು ಸುಮಾರು ಸಲ ಹಂಗೇ ಆಗಿತ್ತು. ಮಿಸನ್ನು ತಪ್ಪು ಬರೀತಾ ಐತೆ ಅಂತ ನಂಗೆ ಗೊತ್ತಿತ್ತು ಕುಸುಮಾ.

ಹೇಳ್ಲಿಲ್ಲ ಯಾಕೆ ಅಂದ್ರೆ, ಅದು ನೀನು ಮಾಡಿದ್ದು. ತೂಕದ ಮನೆಗೆ ಅದು ಬಂದ ದಿನ ರೂಪಮ್ಮಾವ್ರ ತಂದೆ ಗೌಡ್ರು ಎಲ್ರ ಮುಂದೆ "ಇದು ನಮ್ಮ ಲಕ್ಕಯ್ಯನ ಮಗಳು ಕಟ್ಟಿದ್ದು" ಅಂದ್ರು. ಲೈನಿನ ಹುಡುಗಿ ಮಾಡಿದ್ದು ಕೆಟ್ಟೋಯ್ತು ಅಂತ ಯಾರೂ ಅನ್ಬಾರ್ದು ಅಂತ ನಂಗೆ ಆಸೆ. ಮೇಸ್ತ್ರಿ ಕಳ್ಳ ಅಂದ್ರೆ ನನ್ನೊಬ್ಬಂಗೆ ಹೋಗ್ತದೆ. ಮಗಳು ತಪ್ಪು ಮಾಡಿದ್ಲು ಅಂದ್ರೆ ಎಲ್ಲಾ ಹೋಯ್ತು ಅಂದ್ಕಂಡೆ. ಅದ್ಕೆ ಬಾಯಿ ಮುಚ್ಕಂಡೆ.

ಆ ಶನಿವಾರ ನೀನು ತಕ್ಕಡಿ ಪಕ್ಕ ನಿಂತ್ಕಂಡು "ತಪ್ಪು ನಂದು ಜವರಮ್ಮ, ನಮ್ಮಪ್ಪಂದಲ್ಲ, ಮಿಸನ್‌ದೂ ಅಲ್ಲ, ನಾನು ಒಂದು ಬಾಗ್ಲು ನೋಡ್ಲಿಲ್ಲ, ಈಗ ನೋಡಿದೀನಿ" ಅಂದೆ ನೋಡು, ಈಗ ಎಲ್ರೂ ಉಗೀತಾರೆ ಅಂದ್ಕಂಡೆ. ಜವರಮ್ಮ ಏನು ಮಾಡಿದ್ಲು ಅಂತ ನೀನೇ ನೋಡ್ದೆ. ನಿನ್ನ ಕೆನ್ನೆ ಸವರಿ, "ತಗಾ, ಈಗ್ಲೇ ನನ್ ಸೊಸೆ ಚೀಲ ತೂಗು" ಅಂದ್ಲು. ನೀನು ತೂಗ್ದೆ. ನಡುವೆ ನಾಲ್ಕು ಜನ ತೂಗಿದ್ರು. ಜೋಡಿ ಚೀಟಿ ಸರಿ ಬಂತು. ಯಾರೂ ಉಗೀಲಿಲ್ಲ. ಈಗ ಹೆಂಗಸ್ರು ಮೊದ್ಲಿಗಿಂತ ನಂಬ್ತಾರೆ, ತಪ್ಪಾದ್ರೆ ಬಂದು ಹೇಳ್ತಾಳೆ ಅಂತ.

ನಾನು ಮೊದ್ಲೇ ಬಾಯಿ ಬಿಟ್ಟಿದ್ರೆ ನೀನು ಆವತ್ತೇ ಸರಿ ಮಾಡ್ತಿದ್ದೆ. ನಿನ್ನ ಕೈ ಗಟ್ಟಿ ಐತೆ ಅಂತ ನಂಗೆ ಗೊತ್ತಿರ್ಲಿಲ್ಲ. ಗಾಜಿನ ಸಾಮಾನು ಅಂದ್ಕಂಡು ಮುಚ್ಚಿಟ್ಟೆ.

ಈಗ ಒಂದು ಪದ್ಧತಿ ಮಾಡಿದೀನಿ. ಚೀಲ ಇಟ್ಟ ತಕ್ಷಣ ಕೆಂಪು ನಂಬರು ಗಟ್ಟಿಯಾಗಿ ಓದಿ ಹೇಳ್ತೀನಿ, ಎಲ್ರಿಗೂ ಕೇಳೋ ಹಂಗೆ. ಆಮೇಲೆ ಚೀಟಿ. ಎರಡೂ ಒಂದೇ ಆಗ್ಬೇಕು. ರೂಪಮ್ಮಾವ್ರು ಒಳ್ಳೇದು ಅಂದ್ರು. ಷಡಕ್ಷರಿ ರೈಟ್ರು ಮಾತ್ರ ಕಿವಿ ನೋವು ಅಂತಾರೆ.

ಇನ್ಮೇಲೆ ನಿನ್ನ ಮಿಸನ್ನು ತಪ್ಪಿದ್ರೆ ಮುಚ್ಚಿಡಕಿಲ್ಲ. ಏನು ಮಾಡ್ಲಿ ಹೇಳು?

ಇಂತಿ ನಿಮ್ಮಪ್ಪ
ಲಕ್ಕಯ್ಯ

---

ಚಿಕ್ಕಮಗಳೂರು
೨೨ ಜನವರಿ ೨೦೦೩

ಅಪ್ಪಾ,

ಕೂಗಿ ಹೇಳಿ. ಚಿಕ್ಕಮಗಳೂರಿಗೆ ಕೇಳುವ ಹಾಗೆ ಕೂಗಿ. ನಾನು ಬಂದು ಸರಿ ಮಾಡುತ್ತೇನೆ.

ನಿಮ್ಮ ಮಗಳು
ಕುಸುಮಾ